ಚುಟ್ಟಿಯ ಬಿಳಿ, ಭಾವನ ಟಿ.ವಿ.

ಶನಿವಾರ
ಬದಿಯಡ್ಕ ಹತ್ತಿರದ ಯಕ್ಷಗಾನ ಬಯಲಾಟದ ವಿಡಿಯೋ, ಮೊದಲ ಸುತ್ತಿನ ಗ್ರೇಡಿಂಗ್, ಅಂದರೆ ಬಣ್ಣ-ಬೆಳಕು ತಿದ್ದುವ ಕೆಲಸ, ಮುಗಿಯಿತು. ಸಾಫ್ಟ್‌ವೇರ್ ಡಾವಿಂಚಿ ರಿಸಾಲ್ವ್, ಬಣ್ಣಕ್ಕೆ ಎಚ್‌ಡಿ ಟಿ.ವಿ.ಯ ಮಾನದಂಡ ರೆಕ್ 709, ಕಪ್ಪಿನಿಂದ ಬಿಳಿಗೆ ಬೆಳಕು ಏರುವ ಬಗೆಗೆ ಗಾಮಾ 2.4. ಮಾನಿಟರಿನ ಬಿಳಿ ಡಿ65ಕ್ಕೆ (ಹಗಲ ಬೆಳಕಿನ ಬಿಳಿ), ಬೆಳಕು 100 ನಿಟ್ಸ್‌ಗೆ (ಸ್ಕ್ರೀನಿನ ಬೆಳಕಿನ ಅಳತೆ) ಕ್ಯಾಲಿಬ್ರೇಟ್ ಆಗಿದೆ.

ಕಾಡಿಸಿದ್ದು ಬಣ್ಣದ ವೇಷ. ರಕ್ಕಸನ ಮುಖದಲ್ಲಿ ಅಕ್ಕಿ ಹಿಟ್ಟಿನಿಂದ ಮುಳ್ಳುಮುಳ್ಳಾಗಿ ಇಟ್ಟ ಬಿಳಿ ಚುಟ್ಟಿ, ಅದಕ್ಕೆ ತಾಗಿಕೊಂಡೇ ಕೆಂಪು, ಕಪ್ಪು. ಬಿಳಿ ಸ್ವಲ್ಪ ಏರಿದರೂ ಚುಟ್ಟಿಯ ಮುಳ್ಳುಗಳೆಲ್ಲ ಸೇರಿ ಸುಣ್ಣದ ಪಟ್ಟಿ ಬಳಿದ ಹಾಗೆ ಆಗುತ್ತದೆ. ವೇಷ ಕಟ್ಟುವ ಚೌಕಿಯಲ್ಲಿ ಗಂಟೆಗಟ್ಟಲೆ ಕೂತು ಇಟ್ಟದ್ದು. ನಾನು ಒಂದು ಸ್ಲೈಡರ್ ಎಳೆದು ಒರೆಸಿ ಹಾಕಬಾರದಲ್ವಾ? ಬೆಳಕಿನ ಮಟ್ಟ ತೋರಿಸುವ ವೇವ್‌ಫಾರ್ಮ್ ನೋಡಿಕೊಂಡು ಬಿಳಿಯನ್ನು ನೂರರಲ್ಲಿ 90ರ ಕೆಳಗೆ ನಿಲ್ಲಿಸಿದೆ.

ಸೋಮವಾರ
ಆಟ ಆಡಿಸಿದ ಭಾವನಿಗೆ ವಾಟ್ಸಾಪ್‌ನಲ್ಲಿ ಒಂದು ತುಣುಕು ಕಳಿಸಿದೆ. ಅವರು ನಡುಮಧ್ಯಾಹ್ನ ಅಡಿಕೆ ಒಣಗಿಸುವ ಅಂಗಳದಲ್ಲಿ ನಿಂತು ನೋಡಿದರು. "ಎಂತ ಭಾವ ಇದು, ಬರೀ ಕಪ್ಪು! ಕಣ್ಣೇ ಕಾಣುದಿಲ್ಲ." ರಾತ್ರಿ ಟಿ.ವಿ.ಗೆ ಹಾಕಿ ಮತ್ತೆ ಫೋನ್: "ಈಗ ಕೆಂಪು ಉರೀತದೆ, ಚುಟ್ಟಿ ನೀಲಿ."

ಎರಡೂ ಸುಳ್ಳಲ್ಲ. ಗಾಮಾ 2.4 ಮಬ್ಬು ಕೋಣೆಗೆ ಹೇಳಿದ್ದು. ಬಿಸಿಲಿನಲ್ಲಿ ಕಪ್ಪಿನೊಳಗಿನ ವಿವರ ಮುಳುಗಿಹೋಗುತ್ತದೆ.

ಬುಧವಾರ
ಪೆನ್‌ಡ್ರೈವ್ ಹಿಡಿದು ಕುಂಬಳೆಯಿಂದ ಸ್ಕೂಟರಿನಲ್ಲಿ ಹೋದೆ. ಅಂದುಕೊಂಡದ್ದೇ ಸರಿ. ಟಿ.ವಿ. ಬಣ್ಣ ಏರಿಸುವ 'ವಿವಿಡ್'ನಲ್ಲಿತ್ತು, ಬಿಳಿ ನೀಲಿಗೆ ವಾಲುವ 'ಕೂಲ್'ನಲ್ಲಿ. ಸುಮ್ನೆ 'ಸಿನಿಮಾ' ಮೋಡ್‌ಗೆ ತಿರುಗಿಸಿದೆ. "ಅಯ್ಯೋ, ಕಾಮಾಲೆ ಬಂದ ಹಾಗೆ ಆಯ್ತಲ್ಲ!" ಅಂದರು ಭಾವ. ನಾನು ಮಾತಾಡಲಿಲ್ಲ. ಅಕ್ಕ ಕಾಫಿ ತಂದರು. ಹತ್ತು ನಿಮಿಷ ಆಟ ಓಡಿತು, ಅಷ್ಟರಲ್ಲಿ ಕಣ್ಣು ಹೊಂದಿಕೊಂಡಿತ್ತು. ಆಮೇಲೆ ಹಳೇ ಮೋಡ್ ಹಾಕಿದೆ. "ಥೋ, ಇದೆಂತ ಟ್ಯೂಬ್‌ಲೈಟ್!"

ಗುರುವಾರ
ಅವರ ಟಿ.ವಿ.ಗೆ ತಕ್ಕಂತೆ ಬಣ್ಣ ತಿದ್ದುವುದಿಲ್ಲ. ಪಕ್ಕದ ಮನೆಯದು ಇನ್ನೊಂದು ಥರ ಇರುತ್ತದೆ. ಆದರೆ ಒಂದು ತಪ್ಪು ನನ್ನದೇ. ಚಿತ್ರವನ್ನು ಕಪ್ಪು-ಬಿಳುಪು ಮಾಡಿ ನೋಡಿದರೆ ಕೆನ್ನೆಯ ಕೆಂಪೂ ಪಕ್ಕದ ಕಪ್ಪೂ ಒಂದೇ ಬೂದು! ಅವೆರಡನ್ನೂ ಬಿಡಿಸಿದ್ದು ಬಣ್ಣ ಮಾತ್ರ. ಬಣ್ಣವನ್ನು ಒಂದೊಂದು ಸ್ಕ್ರೀನ್ ಒಂದೊಂದು ಥರ ಕೆಡಿಸುತ್ತದೆ. ಸಾಲದ್ದಕ್ಕೆ, ಫೈಲ್ ಚಿಕ್ಕದು ಮಾಡುವ 4:2:0 ಕ್ರಮದಲ್ಲಿ ನಾಲ್ಕು ಪಿಕ್ಸೆಲ್‌ಗೆ ಸೇರಿ ಬಣ್ಣದ ಮಾಹಿತಿ ಒಂದೇ, ಕೆಂಪಿನ ಅಂಚು ಮೊದಲೇ ಹರಡಿರುತ್ತದೆ. ಯಾವುದು ಬೆಳಕು, ಯಾವುದು ಕತ್ತಲು ಅನ್ನುವುದು ಮಾತ್ರ ಹೆಚ್ಚುಕಡಿಮೆ ಎಲ್ಲ ಕಡೆ ಉಳಿಯುತ್ತದೆ. ಕೆಂಪಿನ ಬೆಳಕನ್ನು ಒಂಚೂರು ಎತ್ತಿದೆ, ಕಣ್ಣಿನ ಸುತ್ತ ಸಣ್ಣ ಮಾಸ್ಕ್ ಹಾಕಿ ಅಷ್ಟು ಜಾಗವನ್ನು ಮಾತ್ರ ತಿದ್ದಿದೆ. ಚುಟ್ಟಿ ಮುಟ್ಟಲಿಲ್ಲ.

ಭಾನುವಾರ
ಹೊಸ ಫೈಲ್ ಕೊಟ್ಟೆ. ಅಂಗಳದಲ್ಲೂ ಕಣ್ಣು ಕಂಡಿತಂತೆ. ಒಳಗೆ ಹೋದರೆ ಟಿ.ವಿ. ಮತ್ತೆ ವಿವಿಡ್! ಕ್ರಿಕೆಟ್‌ಗೆ ಹುಲ್ಲು ಹಸಿರು ಸಾಲದು ಅಂತ ಮಗ ಬದಲಿಸಿದ್ದಾನೆ.