ಅಜ್ಜಿಯ ವೀಣೆ

ಅಟ್ಟದಿಂದ ಇಳಿಸಿದ ಅಜ್ಜಿಯ ವೀಣೆಯನ್ನು ರಿಪೇರಿಗೆ ಕೊಡಬೇಕೋ ಬೇಡವೋ ಎಂಬುದು ಈ ಭಾನುವಾರವೂ ತೀರ್ಮಾನವಾಗಲಿಲ್ಲ. ಹಲಸಿನ ಮರದ ಕೊಡದಲ್ಲಿ ಕೂದಲೆಳೆಯಷ್ಟು ಬಿರುಕು ಕಾಣಿಸಿಕೊಂಡಿದೆ, ಬಿರಡೆಗಳು ಸಡಿಲವಾಗಿ ತಂತಿಗಳು ಶ್ರುತಿಯಲ್ಲಿ ನಿಲ್ಲುತ್ತಿಲ್ಲ, ತಂತಿಗಳ ಕೆಳಗಿನ 24 ಲೋಹದ ಮೆಟ್ಟಿಲುಗಳನ್ನು ಹಿಡಿದಿರುವ ಮೇಣವಂತೂ ಒಣಗಿ ಪುಡಿಯಾಗುತ್ತಿದೆ. ಹೊಸದಾಗಿ ಮೇಳ ಕಟ್ಟಿಸುವುದು, ಅಂದರೆ ಹೊಸ ಮೇಣದಲ್ಲಿ ಮೆಟ್ಟಿಲುಗಳನ್ನು ಮತ್ತೆ ಕೂರಿಸುವುದು, ದೊಡ್ಡ ಮಾತಲ್ಲ. ನುಡಿಸುವವರು ಆಗಾಗ ಮಾಡಿಸಲೇಬೇಕಾದ ಕೆಲಸವದು. ಆದರೆ ಮರವನ್ನು ಉಜ್ಜಿ ಪಾಲಿಶ್ ಹಚ್ಚಿದರೆ, ಅಜ್ಜಿಯ ಎಡಗೈ ದಂಡಿಯ ಅಂಚಿನಲ್ಲಿ ವರ್ಷಗಟ್ಟಲೆ ಸವೆಸಿ ಮೂಡಿಸಿದ ನುಣುಪಾದ ಗುರುತು ಉಳಿಯುವುದಿಲ್ಲವೆಂದು ಕೆಲಸಗಾರರು ಹೇಳಿದಾಗ ನಾನು ಹಿಂಜರಿದೆ. ಸಂಗೀತದ ಮೊದಲ ಅಭ್ಯಾಸವಾದ ಸರಳೆ ವರಸೆಯಲ್ಲೇ ಪಾಠ ಬಿಟ್ಟ ನನ್ನಂಥವಳಿಗೆ (ಅಜ್ಜಿಗೆ ಈ ಬೇಸರ ಕೊನೆಯವರೆಗೂ ಇತ್ತು) ನಾದಕ್ಕಿಂತ ಗುರುತೇ ದೊಡ್ಡದಾಗಿ ಕಾಣುವುದು ಸಹಜವೇನೋ. ಸದ್ಯಕ್ಕೆ ಮೇಳ, ಬಿರಡೆ, ತಂತಿಗಳಷ್ಟನ್ನೇ ಸರಿಪಡಿಸಲು ಹೇಳಿ, ಪಾಲಿಶ್ ಬೇಡವೆನ್ನುವ ಯೋಚನೆಯಿದೆ; ಬಿರುಕಿನ ಮಾತು ಮಳೆಗಾಲ ಕಳೆದ ಮೇಲೆ.