ಅಜ್ಜಿಯ ಎಂಜಲು, ನನ್ನ ಐಸ್ ಡಬ್ಬಿ

ಮಂಗಳೂರು, 16 ಜುಲೈ 2024, ಮಂಗಳವಾರ

ಬೆಳಿಗ್ಗೆಯಿಂದ ಬಿಡದೆ ಮಳೆ. ಬಾಯಿ ಕ್ಯಾನ್ಸರಿನ ಸುಳಿವು ಜೊಲ್ಲಿನಲ್ಲಿ ಹುಡುಕುವ ನಮ್ಮ ಲ್ಯಾಬಿಗೆ ಸ್ಯಾಂಪಲ್ ಕೊಡಲು ಆರು ಜನ ಬರಬೇಕಿತ್ತು, ಬಂದದ್ದು ಇಬ್ಬರೇ. ಒಬ್ಬರು ಬಂಟ್ವಾಳ ಕಡೆಯ ಅಜ್ಜಿ. ಕೆನ್ನೆಯ ಒಳಗೆ ಬಿಳಿ ಮಚ್ಚೆ ಇದೆ ಅಂತ ಡಾಕ್ಟ್ರು ಕಳಿಸಿದ್ದು. ಒದ್ದೆ ಕೊಡೆ ಮೂಲೆಗಿಟ್ಟು ಕೂತವರ ಕೈಗೆ ಟ್ಯೂಬ್ ಕೊಟ್ಟು, "ಉಗಿಯಬೇಡಿ ಅಮ್ಮಾ, ತಲೆ ಬಗ್ಗಿಸಿ, ಜೊಲ್ಲು ತಾನಾಗಿ ಇಳಿಯಲಿ" ಅಂದೆ. ಅವರು ನನ್ನ ಮುಖ ನೋಡಿದರು. "ಎಂಜಲು ಅಲ್ವಾ ಮಗಾ, ನೀನು ಮುಟ್ಟುತ್ತೀಯಾ?"

ಅನ್ನ ತುಂಬಾ ಹೊತ್ತು ಅಗಿದರೆ ಸಿಹಿಯಾಗುತ್ತಲ್ಲ, ಅದು ಈ ಎಂಜಲಿನಲ್ಲಿರುವ ಅಮೈಲೇಸ್ ಅನ್ನೋ ಪ್ರೋಟೀನ್ ಮಾಡುವ ಕೆಲಸ ಅಂತ ಹೇಳಿದೆ. ಅವರು ತಲೆಯಾಡಿಸಿ, ಸೆರಗು ಮರೆ ಮಾಡಿಕೊಂಡು ಟ್ಯೂಬ್ ಹಿಡಿದರು. ನಾಲ್ಕು ಎಂ.ಎಲ್. ಆಗಲು ಹದಿನೆಂಟು ನಿಮಿಷ ಹಿಡಿಯಿತು, ಅಷ್ಟೂ ಹೊತ್ತು ಟ್ಯೂಬಿನ ಬುಡ ಐಸಿನಲ್ಲೇ.

ಐಸಿನ ವಿಷಯದಲ್ಲಿ ನಾನೀಗ ತುಂಬಾ ಕಟ್ಟುನಿಟ್ಟು. ಹೋದ ವಾರ ಕರೆಂಟ್ ಹೋದ ಗಡಿಬಿಡಿಯಲ್ಲಿ ಒಂದು ಟ್ಯೂಬ್ ಮೇಜಿನ ಮೇಲೇ ಉಳಿದುಬಿಟ್ಟಿತ್ತು. ಜೊಲ್ಲಿನಲ್ಲೇ ಪ್ರೋಟೀನ್ ಕತ್ತರಿಸುವ ಕಿಣ್ವಗಳಿವೆ, ಬಾಯಿಯ ಬ್ಯಾಕ್ಟೀರಿಯಾದಿಂದ ಬಂದವೂ ಸೇರಿ; ತಣ್ಣಗಿಡದಿದ್ದರೆ ಅವು ಕತ್ತರಿಸುತ್ತಲೇ ಇರುತ್ತವೆ. ಪ್ರೋಟೀನುಗಳನ್ನು ಗಾತ್ರದ ಪ್ರಕಾರ ಪಟ್ಟಿ ಪಟ್ಟಿಯಾಗಿ ಬೇರ್ಪಡಿಸುವ ಜೆಲ್ ಓಡಿಸಿದಾಗ ಪಟ್ಟಿಗಳೆಲ್ಲ ಮಾಸಿ ಉದ್ದಕ್ಕೆ ಒಂದೇ ನೀಲಿ ಕಲೆ. ಕೂಲಿ ಬಿಟ್ಟು ಪುತ್ತೂರಿನಿಂದ ಬಂದಿದ್ದವರನ್ನು ಮತ್ತೆ ಬನ್ನಿ ಅಂತ ಕರೆಯಬೇಕಾಯಿತು. ಈಗಲೂ ಬೇಜಾರು.

ಜೊಲ್ಲಿನಲ್ಲಿ ಶೇಕಡಾ 99 ನೀರು. ಉಳಿದ ಚೂರಿನಲ್ಲಿ ಎರಡು ಸಾವಿರಕ್ಕೂ ಜಾಸ್ತಿ ಬಗೆಯ ಪ್ರೋಟೀನ್ ಸಿಕ್ಕಿವೆ. ನಾನು ಅಳೆಯುವುದು ಇಂಟರ್‌ಲ್ಯೂಕಿನ್-8 ಅನ್ನೋ, ಉರಿಯೂತದ ಸಂದೇಶ ಒಯ್ಯುವ ಪ್ರೋಟೀನ್, ಬಾಯಿ ಕ್ಯಾನ್ಸರ್ ಇದ್ದವರಲ್ಲಿ ಅದು ಏರಿರುವುದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಜೊತೆಗೆ ಅಣುಗಳನ್ನು ತೂಕದಿಂದ ಗುರುತಿಸುವ ಮಾಸ್ ಸ್ಪೆಕ್ಟ್ರೋಮೀಟರ್‌ ಯಂತ್ರದಲ್ಲಿ ಬೇರೆ ಸುಳಿವು ಹುಡುಕುತ್ತೇವೆ, ಅಲ್ಲಿ ಈ ಅಮೈಲೇಸ್ ಎಷ್ಟು ಜಾಸ್ತಿ ಅಂದರೆ ಸಣ್ಣಪುಟ್ಟವೆಲ್ಲ ಅದರಡಿ ಮುಚ್ಚಿಹೋಗುತ್ತವೆ. ಹಾಗಾಗಿ ಮೊದಲು ಅದನ್ನು ಅನ್ನದಲ್ಲೂ ಇರುವ ಪಿಷ್ಟದ (ಸ್ಟಾರ್ಚ್) ಮೂಲಕ ಹಾಯಿಸಿ ಹಿಡಿದು ತೆಗೆಯಬೇಕು. ಅನ್ನ ಕರಗಿಸುವುದನ್ನು ಹಿಡಿಯಲು ಪಿಷ್ಟವೇ ಬಲೆ, ನನಗೆ ಇದು ಪ್ರತಿ ಸಲವೂ ಖುಷಿ ಕೊಡುತ್ತದೆ.

ಹೊರಡುವಾಗ ಅಜ್ಜಿ ಸೊಂಟದ ಚೀಲಕ್ಕೆ ಕೈ ಹಾಕಿ, "ಇನ್ನು ಬಚ್ಚಿರೆ ಹಾಕಬಹುದಲ್ಲ?" ಅಂದರು. ಪರೀಕ್ಷೆಗೆ ಅಂತ ನಿನ್ನೆ ರಾತ್ರಿಯಿಂದ ಎಲೆಯಡಿಕೆ ಮುಟ್ಟಿರಲಿಲ್ಲ. ಹೊಗೆಸೊಪ್ಪಿಲ್ಲದ ಬರೀ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಹೇಳಿದ್ದು 2004ರಲ್ಲೇ. ಅಡಿಕೆ ತೋಟದ ಮನೆಯವರಿಗೆ ಇದನ್ನು ಹೇಳುವುದು ಕಷ್ಟ, ಆದರೂ ಹೇಳಿದೆ. ಜೊಲ್ಲಿನ ಲೆಕ್ಕ ಏನೇ ಬರಲಿ, ಗುರುವಾರದ ಬಯಾಪ್ಸಿ (ಮಚ್ಚೆಯ ಚೂರು ತೆಗೆದು ನೋಡುವ ಪರೀಕ್ಷೆ) ತಪ್ಪಿಸಬೇಡಿ ಅಂತಲೂ ಹೇಳಿದೆ. ಅವರು ಚೀಲದ ದಾರ ಬಿಗಿದು ಕೊಡೆ ಎತ್ತಿಕೊಂಡರು. ಟ್ಯೂಬ್ ಈಗ ಮೈನಸ್ 80 ಡಿಗ್ರಿ ಸೆಲ್ಸಿಯಸ್ ಫ್ರೀಜರ್‌ನಲ್ಲಿದೆ.