ಕೊನೆ ತೂಬಿನ ದಕ್ಷತೆ

8 ಡಿಸೆಂಬರ್ 2024, ಭಾನುವಾರ, ರಾಯಚೂರು

ಬೆಳಿಗ್ಗೆಯಿಂದ ಲ್ಯಾಪ್‌ಟಾಪ್ ಬಿಟ್ಟು ಎದ್ದಿಲ್ಲ. ದೇಶದೇಶಗಳ ಆರ್ಥಿಕ ಅಂಕಿ-ಅಂಶಗಳ ಭಂಡಾರ ಪೆನ್ ವರ್ಲ್ಡ್ ಟೇಬಲ್‌ನಿಂದ ಶ್ರೀಮಂತ ದೇಶಗಳ ಜಿಡಿಪಿ, ಬಂಡವಾಳ, ದುಡಿಯುವವರ ಸಂಖ್ಯೆ ಇಳಿಸಿಕೊಂಡು ಕಾಬ್-ಡಗ್ಲಸ್ ಉತ್ಪಾದನಾ ಫಲನಕ್ಕೆ (ಇಷ್ಟು ಬಂಡವಾಳ, ಇಷ್ಟು ದುಡಿಮೆಗೆ ಎಷ್ಟು ಉತ್ಪಾದನೆ ಎನ್ನುವ ಸೂತ್ರ) ಕೂರಿಸಿದ್ದೇನೆ. ತಾಂತ್ರಿಕ ದಕ್ಷತೆಯಲ್ಲಿ ಜರ್ಮನಿ ಅಮೆರಿಕಕ್ಕಿಂತ ಎಷ್ಟೋ ಕೆಳಗೆ ಬಂತು. ನಂಬುವಂತಿರಲಿಲ್ಲ; ಸಂಶೋಧನೆಯ ಗೈಡ್‌ಗೆ ಕಳಿಸಲು ಮನಸ್ಸಾಗಲಿಲ್ಲ.

ಹನ್ನೊಂದರ ಸುಮಾರಿಗೆ ಮಾನ್ವಿ ಕಡೆಯಿಂದ ಕಾಕಾ ಬಂದರು, ಹೊಸ ಅಕ್ಕಿ ಹೊತ್ತುಕೊಂಡು. ಅವರ ನಾಲ್ಕು ಎಕರೆ ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದಲ್ಲಿದೆ.

‘ಏನ್ ಲೆಕ್ಕ ಮಾಡಾಕತ್ತಿ ತಮ್ಮಾ?’

ಇಷ್ಟು ಆಳು, ಇಷ್ಟು ಯಂತ್ರ ಇದ್ದಾಗ ಹೆಚ್ಚೆಂದರೆ ಎಷ್ಟು ಬೆಳೆಯಬಹುದು, ಬೆಳೆದದ್ದು ಅದಕ್ಕಿಂತ ಎಷ್ಟು ಕಡಿಮೆ, ಅದನ್ನು ನೋಡೋದು ಅಂದೆ.

‘ಅಂದ್ರ ಮೈಗಳ್ಳರನ್ನ ಹಿಡಿಯೋದು. ಕಾಲುವಿ ಮ್ಯಾಲಿನ ಭಾಗದ ಗಂಗಾವತಿ ಕಡೆ ಎಕರೆಕ್ಕ ನಲವತ್ತು ಚೀಲ, ನನಗ ಇಪ್ಪತ್ತೆಂಟು. ನಾ ಮೈಗಳ್ಳನಾ?’

ಸಮಜಾಯಿಷಿ ಕೊಟ್ಟೆ. 1957ರಲ್ಲಿ ಅರ್ಥಶಾಸ್ತ್ರಜ್ಞ ಫ್ಯಾರೆಲ್ ದಕ್ಷತೆ ಅಳೆದಾಗ ಕೊರತೆಯೆಲ್ಲ ದುಡಿಯುವವನ ತಲೆಗೇ ಬರುತ್ತಿತ್ತು. 1977ರ ನಂತರ ಅದನ್ನು ಎರಡು ಪಾಲು ಮಾಡುತ್ತಾರೆ: ಒಂದು ದೈವದ್ದು, ಇನ್ನೊಂದು ನಮ್ಮದು. ಆಗಸ್ಟ್‌ನಲ್ಲಿ ಡ್ಯಾಮಿನ 19ನೇ ಗೇಟಿನ ಚೈನ್ ತುಂಡಾಯಿತಲ್ಲ, ಅಂಥದ್ದು ದೈವದ ಪಾಲು.

ಕಾಕಾ ಒಪ್ಪಲಿಲ್ಲ. ‘ಗೇಟು ಒಂದ್ ವರ್ಷದ್ದು. ನಮ್ ತೂಬಿಗೆ ನೀರು ಬರದಿರೋದು ವರ್ಷಾ ವರ್ಷಾ ಐತಲ್ಲ. ಅದು ಯಾರ ಪಾಲು?’

ಅಲ್ಲೇ ಸಿಕ್ಕಿಬಿದ್ದೆ. ಲೆಕ್ಕದಲ್ಲಿ ನೀರಿನ ಕಾಲಮ್ಮೇ ಇಲ್ಲದಿದ್ದರೆ ನನ್ನ ಮಾದರಿ ಅದನ್ನು ಕಾಕಾನ ಅದಕ್ಷತೆ ಅಂತಲೇ ಬರೆದುಕೊಳ್ಳುತ್ತದೆ; ವರ್ಷ ಹೆಚ್ಚಿದಷ್ಟೂ ಇನ್ನೂ ಧೈರ್ಯದಿಂದ. ತಮಾಷೆಯೆಂದರೆ, ನಾನು ದೇಶಗಳಿಗೆ ಹಚ್ಚುತ್ತಿರುವ ಬ್ಯಾಟೀಸ್, ಕೊಯೆಲ್ಲಿ ಎಂಬ ಇಬ್ಬರು ಸಂಶೋಧಕರ ಮಾದರಿಯನ್ನು 1992ರಲ್ಲಿ ಅವರು ಪರೀಕ್ಷಿಸಿದ್ದೇ ಭತ್ತದ ರೈತರ ಮೇಲೆ. ನಮ್ಮ ಮಗ್ಗುಲಿನ ಹಳೇ ಮಹಬೂಬ್‌ನಗರ ಜಿಲ್ಲೆಯ ಔರೆಪಲ್ಲಿಯಲ್ಲಿ!

ಹಾಗಾದರೆ ಜರ್ಮನಿಗೆ ಬರದ ನೀರು ಯಾವುದು? ಊಟ ಮಾಡುತ್ತಲೇ ಹೊಳೆಯಿತು. ನಾನು ತಲೆ ಎಣಿಸಿದ್ದೆ, ಗಂಟೆ ಎಣಿಸಿರಲಿಲ್ಲ. ಅಮೆರಿಕದ ಕೆಲಸಗಾರ ವರ್ಷಕ್ಕೆ ಸುಮಾರು 1,800 ಗಂಟೆ ದುಡಿದರೆ ಜರ್ಮನಿಯವನು 1,340ರ ಆಸುಪಾಸು. ಅವನು ರಜೆ ಹಾಕಿದ್ದನ್ನು ನಾನು ದಡ್ಡತನ ಅಂತ ಬರೆದಿದ್ದೆ. ಕೈ ತೊಳೆದು ಬಂದು ಗಂಟೆಗಳನ್ನು ಹಾಕಿ ಮತ್ತೆ ಓಡಿಸಿದೆ. ಜರ್ಮನಿ ಮೇಲಕ್ಕೆ ಬಂತು.

ನಾರ್ವೆ ಈಗಲೂ ಅನುಮಾನಾಸ್ಪದವಾಗಿ ಮೇಲಿದೆ. ಸಮುದ್ರದಡಿಯ ಎಣ್ಣೆಗೂ ಒಂದು ಕಾಲಮ್ ಬೇಕು. ಕಾಕಾಗೆ ಹೇಳಿದೆ.

‘ಹೂಂ, ಅವ್ರು ಕಾಲುವಿ ಬಾಯಾಗ ಅದಾರ,’ ಅಂದು ಐದರ ಬಸ್ಸಿಗೆ ಚಪ್ಪಲಿ ಮೆಟ್ಟಿಕೊಂಡರು.